ಲೆಮನ್‌ಗ್ರಾಸ್ ಎಣ್ಣೆ: ಗುಣ, ಬಳಕೆ, ಜೋಪಾನ

ಲೆಮನ್‌ಗ್ರಾಸ್ ಎಣ್ಣೆಯ ಮುಚ್ಚಳ ತೆಗೆದರೆ ಸಾಕು, ನಿಂಬೆಯ ಘಮ ಕೋಣೆಯೆಲ್ಲ ತುಂಬಿಕೊಳ್ಳುತ್ತದೆ. ವಾಸನೆ ಇಷ್ಟು ಹಿತವಾಗಿರುವಾಗ ಇದರಿಂದ ಏನು ತೊಂದರೆ ಆದೀತು ಅನ್ನಿಸುವುದು ಸಹಜ. ಚಹಾಕ್ಕೆ ಹಾಕುವ ಹುಲ್ಲೇ ಅಲ್ವಾ ಎಂದುಕೊಂಡು ಹನಿಗಳನ್ನು ನೇರವಾಗಿ ಮೈಗೆ ಹಚ್ಚಿಕೊಳ್ಳುವವರು, ನೀರಿಗೆ ಹಾಕಿ ಕುಡಿಯುವವರು ಬಹಳ ಮಂದಿ ಇದ್ದಾರೆ. ಎರಡೂ ಮಾಡಬಾರದ ಕೆಲಸ. ಯಾಕೆ ಅಂತ ತಿಳಿಯಬೇಕಾದರೆ ಬಾಟಲಿಯೊಳಗೆ ಏನಿದೆ ಎಂದು ಮೊದಲು ನೋಡಬೇಕು.

## ಬಾಟಲಿಯೊಳಗೆ ಏನಿದೆ

ನಿಂಬೆಹುಲ್ಲು ಅಥವಾ ಮಜ್ಜಿಗೆಹುಲ್ಲು ಎಂದು ನಾವು ಕರೆಯುವ ಗಿಡದಲ್ಲಿ ಎಣ್ಣೆಗಾಗಿ ಬೆಳೆಯುವ ಜಾತಿಗಳು ಮುಖ್ಯವಾಗಿ ಎರಡು. ಒಂದು ಸಿಂಬೊಪೊಗಾನ್ ಫ್ಲೆಕ್ಸುವೋಸಸ್. ವ್ಯಾಪಾರದಲ್ಲಿ ಇದಕ್ಕೆ ಈಸ್ಟ್ ಇಂಡಿಯನ್ ಅಥವಾ ಕೊಚ್ಚಿನ್ ಲೆಮನ್‌ಗ್ರಾಸ್ ಎಂಬ ಹೆಸರುಗಳಿವೆ. ಇನ್ನೊಂದು ಸಿಂಬೊಪೊಗಾನ್ ಸಿಟ್ರಾಟಸ್, ಅಂದರೆ ವೆಸ್ಟ್ ಇಂಡಿಯನ್ ಲೆಮನ್‌ಗ್ರಾಸ್. ಅಡುಗೆಗೆ, ಚಹಾಕ್ಕೆ ಜಾಸ್ತಿ ಬಳಸುವುದು ಇದನ್ನೇ. ಸಿಟ್ರೊನೆಲ್ಲಾ ಮತ್ತು ಪಾಮರೋಸಾ ಕೂಡ ಇದೇ ಕುಲದ ಹುಲ್ಲುಗಳು. ಆದರೆ ಅವುಗಳ ಎಣ್ಣೆಯೇ ಬೇರೆ, ಒಂದರ ಬದಲಿಗೆ ಇನ್ನೊಂದನ್ನು ಬಳಸುವ ಹಾಗಿಲ್ಲ.

ಎಣ್ಣೆ ತೆಗೆಯುವುದು ಹಬೆಯಿಂದ. ಕೊಯ್ದ ಹುಲ್ಲನ್ನು ಸಾಮಾನ್ಯವಾಗಿ ಸ್ವಲ್ಪ ಬಾಡಿಸಿ, ದೊಡ್ಡ ಪಾತ್ರೆಗೆ ತುಂಬಿ, ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಎಣ್ಣೆಯೂ ಮೇಲೇರುತ್ತದೆ. ತಣ್ಣಗಾದ ಮೇಲೆ ನೀರು ಕೆಳಗೆ, ಎಣ್ಣೆ ಮೇಲೆ ನಿಲ್ಲುತ್ತದೆ. 100 ಕೆಜಿ ಹಸಿ ಹುಲ್ಲಿಗೆ ಸಿಗುವ ಎಣ್ಣೆ ಹೆಚ್ಚುಕಡಿಮೆ 200 ಗ್ರಾಂನಿಂದ 500 ಗ್ರಾಂ. ಆ ಲೆಕ್ಕದಲ್ಲಿ 10 ಮಿಲಿಯ ಪುಟ್ಟ ಬಾಟಲಿಯೊಳಗೆ ಎರಡರಿಂದ ನಾಲ್ಕೂವರೆ ಕೆಜಿ ಹುಲ್ಲಿನ ಸಾರ ಕೂತಿದೆ. ಚಹಾಕ್ಕೆ ಎರಡು ಎಲೆ ಹಾಕುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಈ ಎಣ್ಣೆಯ ಶೇ. 65ರಿಂದ 85ರಷ್ಟು ಭಾಗ ಒಂದೇ ವಸ್ತು, ಸಿಟ್ರಾಲ್. ಜೆರಾನಿಯಾಲ್ ಮತ್ತು ನೆರಾಲ್ ಎಂಬ ಎರಡು ಅವಳಿ ಅಣುಗಳಿಗೆ ಒಟ್ಟಾಗಿ ಇರುವ ಹೆಸರು ಅದು. ಉಳಿದದ್ದರಲ್ಲಿ ಜೆರಾನಿಯೋಲ್, ಜೆರಾನೈಲ್ ಅಸಿಟೇಟ್, ಲಿಮೊನೀನ್ ಇತ್ಯಾದಿ ಇರುತ್ತವೆ. ಸಿಟ್ರಾಟಸ್ ಜಾತಿಯಲ್ಲಿ ಮಿರ್ಸೀನ್ ಕೂಡ ಗಣನೀಯವಾಗಿ ಇರುತ್ತದೆ. ನಿಂಬೆಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿ ಸಿಟ್ರಾಲ್ ಇರುವುದು ಶೇ. 2-3ರಷ್ಟು ಮಾತ್ರ, ಅಲ್ಲಿ ದೊಡ್ಡ ಪಾಲು ಲಿಮೊನೀನ್‌ನದು. ಅಂದರೆ ನಿಂಬೆಗಿಂತ ಈ ಹುಲ್ಲಿನಲ್ಲೇ ಸಿಟ್ರಾಲ್ ಎಷ್ಟೋ ಪಟ್ಟು ಜಾಸ್ತಿ. ಸುಗಂಧ ಉದ್ಯಮ ಈ ಹುಲ್ಲಿಗೆ ಬೆಲೆ ಕೊಟ್ಟಿದ್ದೂ ಅದಕ್ಕೇ. ಸಿಟ್ರಾಲ್‌ನಿಂದ ನೇರಳೆ ಹೂವಿನ ಪರಿಮಳ ಕೊಡುವ ಅಯೊನೋನ್ ತಯಾರಾಗುತ್ತದೆ, ವಿಟಮಿನ್ ಎ ತಯಾರಿಕೆಗೂ ಅದು ಮೂಲವಸ್ತು.

ಸಿಟ್ರಾಲ್ ರಾಸಾಯನಿಕವಾಗಿ ಒಂದು ಆಲ್ಡಿಹೈಡ್. ಅದು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳಬಲ್ಲದು. ದೇಹ ಅದನ್ನು ಶತ್ರು ಎಂದು ಗುರುತಿಟ್ಟುಕೊಂಡರೆ ಅಲರ್ಜಿ ಶುರು. ಈ ಎಣ್ಣೆಯ ಘಮ, ಶಿಲೀಂಧ್ರ ತಡೆಯುವ ಶಕ್ತಿ, ಚರ್ಮ ಕೆರಳಿಸುವ ಗುಣ, ಬೇಗ ಕೆಡುವ ಸ್ವಭಾವ ಎಲ್ಲದರ ಹಿಂದೆ ಮುಖ್ಯವಾಗಿ ಇರುವುದು ಇದೇ ವಸ್ತು. ಮುಂದೆ ಹೇಳುವ ಒಂದೊಂದು ನಿಯಮಕ್ಕೂ ಕಾರಣ ಸಿಟ್ರಾಲ್ ಎಂದು ನೆನಪಿದ್ದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

## ಕೊಳ್ಳುವಾಗ

ಲೇಬಲ್ ಮೇಲೆ ಗಿಡದ ಲ್ಯಾಟಿನ್ ಹೆಸರು ಇರಲೇಬೇಕು. ಬರೀ "ಲೆಮನ್‌ಗ್ರಾಸ್ ಆಯಿಲ್" ಎಂದಿದ್ದರೆ ಅದು ಕೃತಕ ಸುವಾಸನೆಯೂ ಆಗಿರಬಹುದು, ಮೊದಲೇ ಬೇರೆ ಎಣ್ಣೆ ಬೆರೆಸಿದ್ದೂ ಆಗಿರಬಹುದು. ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು, ಹಬೆಯಿಂದ ತೆಗೆದದ್ದು ಎಂಬ ವಿವರ ಇವೆಯಾ ನೋಡಿ. ಒಳ್ಳೆಯ ಮಾರಾಟಗಾರರು ಆಯಾ ಬ್ಯಾಚಿನ ಜಿಸಿ-ಎಂಎಸ್ ವರದಿ, ಅಂದರೆ ಎಣ್ಣೆಯಲ್ಲಿ ಯಾವ ವಸ್ತು ಎಷ್ಟಿದೆ ಎಂದು ತೋರಿಸುವ ಪ್ರಯೋಗಾಲಯದ ವರದಿ ಕೊಡುತ್ತಾರೆ. ಆ ವರದಿಯಲ್ಲಿ ಜೆರಾನಿಯಾಲ್ ಮತ್ತು ನೆರಾಲ್ ಎಂಬ ಎರಡು ಸಾಲು ಹುಡುಕಿ ಕೂಡಿಸಿ. ಅದೇ ನಿಮ್ಮ ಬಾಟಲಿಯ ಸಿಟ್ರಾಲ್ ಪ್ರಮಾಣ. ಶೇ. 65ಕ್ಕಿಂತ ತುಂಬ ಕಡಿಮೆ ಇದ್ದರೂ, ಶೇ. 90 ದಾಟಿದರೂ ಅನುಮಾನಿಸಬೇಕು. ಕೃತಕ ಸಿಟ್ರಾಲ್ ಸೇರಿಸಿದರೆ ಎರಡನೆಯದು ಆಗಬಹುದು.

ಮನೆಯಲ್ಲೇ ಮಾಡಬಹುದಾದ ಸಣ್ಣ ಪರೀಕ್ಷೆಯೂ ಇದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಶುದ್ಧ ಎಣ್ಣೆ ಆರಿಹೋಗುತ್ತದೆ, ಹೆಚ್ಚೆಂದರೆ ತೆಳು ಹಳದಿ ಗುರುತು ಉಳಿದೀತು. ಕಾಗದವನ್ನು ಬೆಳಕಿಗೆ ಹಿಡಿದಾಗ ಜಿಡ್ಡಿನ ಪಾರದರ್ಶಕ ಉಂಗುರ ಕಂಡರೆ ಅದಕ್ಕೆ ಯಾವುದೋ ಅಡುಗೆ ಎಣ್ಣೆ ಸೇರಿದೆ. ಕೃತಕ ಸಿಟ್ರಾಲ್ ಬೆರಕೆಯನ್ನು ಮಾತ್ರ ಈ ಪರೀಕ್ಷೆ ಹಿಡಿಯಲಾರದು. ಇನ್ನು, ಆಲ್ಕೊಹಾಲ್‌ನಲ್ಲಿ ಎಣ್ಣೆ ಮಂಜಾಗಿ ಕಂಡಿತು ಎಂದು ಕೆಲವರು ಕಲಬೆರಕೆ ಅನ್ನುತ್ತಾರೆ. ಸಿಟ್ರಾಟಸ್ ಜಾತಿಯ ಎಣ್ಣೆ ಶುದ್ಧವಾಗಿದ್ದರೂ ಹಾಗೆ ಆಗಬಹುದು. ಅದರಲ್ಲಿರುವ ಮಿರ್ಸೀನ್ ದಿನ ಕಳೆದಂತೆ ದಪ್ಪಗಟ್ಟುವುದೇ ಕಾರಣ.

ದೊಡ್ಡ ಬಾಟಲಿ ಕೊಳ್ಳಬೇಡಿ. ಮನೆ ಬಳಕೆಗೆ 10 ಮಿಲಿ ಧಾರಾಳ. ಮುಗಿಯುವಷ್ಟರಲ್ಲಿ ಕೆಟ್ಟುಹೋದರೆ ಅಗ್ಗಕ್ಕೆ ಸಿಕ್ಕಿತು ಅನ್ನುವುದರಲ್ಲಿ ಅರ್ಥವಿಲ್ಲ.

## ಎಷ್ಟು ತೆಳು ಮಾಡಬೇಕು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಮೈಗೆ ಹಚ್ಚುವ ಯಾವುದೇ ಮಿಶ್ರಣದಲ್ಲಿ ಲೆಮನ್‌ಗ್ರಾಸ್ ಎಣ್ಣೆಗೆ ಸುರಕ್ಷತಾ ಕೈಪಿಡಿಗಳು ಕೊಡುವ ಗರಿಷ್ಠ ಮಿತಿ ಶೇ. 0.7. ಲ್ಯಾವೆಂಡರ್‌ನಂಥ ಮೃದು ಎಣ್ಣೆಗಳನ್ನು ಶೇ. 2-3ರವರೆಗೂ ಬಳಸುವ ರೂಢಿ ಇದೆ. ಅದೇ ಅಳತೆಯನ್ನು ಇಲ್ಲಿಗೂ ತಂದು ಹಾಕುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು. ನನ್ನ ಸಲಹೆ ಶೇ. 0.5ಕ್ಕೇ ನಿಲ್ಲಿಸಿ ಎಂದು. ಮಿತಿಯ ತುದಿಯವರೆಗೆ ಹೋಗಿ ಸಿಗುವ ಲಾಭ ಏನೂ ಇಲ್ಲ. ಈ ಎಣ್ಣೆಯ ಘಮ ಶೇ. 0.5ರಲ್ಲೂ ಸಾಕಷ್ಟು ಗಟ್ಟಿಯಾಗಿರುತ್ತದೆ.

1 ಮಿಲಿಗೆ ಸುಮಾರು 20 ಹನಿ ಎಂದು ಹಿಡಿದರೆ ಲೆಕ್ಕ ಹೀಗೆ:

- 30 ಮಿಲಿ ಮೂಲ ಎಣ್ಣೆಗೆ 3 ಹನಿ
- 50 ಮಿಲಿಗೆ 5 ಹನಿ
- 100 ಮಿಲಿಗೆ 10 ಹನಿ

ಹನಿಯ ಗಾತ್ರ ಬಾಟಲಿಯಿಂದ ಬಾಟಲಿಗೆ ಬೇರೆಯಾಗುತ್ತದೆ. ಕೆಲವು ಮೂತಿಗಳಿಂದ 1 ಮಿಲಿಗೆ 30 ಹನಿಯೂ ಬೀಳುತ್ತದೆ. ಸೋಪು, ಲೋಷನ್ ಹೀಗೆ ಜಾಸ್ತಿ ಮಾಡುವವರು ಹನಿ ಎಣಿಸುವುದನ್ನು ಬಿಟ್ಟು ಸೂಕ್ಷ್ಮ ತಕ್ಕಡಿಯಲ್ಲಿ ತೂಗುವುದು ಒಳ್ಳೆಯದು. ಇದರ 1 ಮಿಲಿ ಸುಮಾರು 0.89 ಗ್ರಾಂ ತೂಗುತ್ತದೆ.

ಮೂಲ ಎಣ್ಣೆಯಾಗಿ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಬಾದಾಮಿ ಎಣ್ಣೆ, ಜೊಜೊಬಾ ಯಾವುದಾದರೂ ಆದೀತು. ನೀರು ಮಾತ್ರ ಆಗುವುದಿಲ್ಲ. ಎಣ್ಣೆ ನೀರಿನಲ್ಲಿ ಕರಗದೆ ತೇಲುತ್ತದೆ. ಸ್ನಾನದ ತೊಟ್ಟಿಗೆ ಹನಿ ಹಾಕಿದರೆ ಅದು ತೇಲಿ ಬಂದು, ತೆಳುವಾಗದ ಹನಿಯೇ ನೇರವಾಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಅದೂ ಬಿಸಿನೀರಿನಲ್ಲಿ, ಮೃದುವಾದ ಜಾಗಗಳಿಗೆ. ಉರಿ ತಡೆಯಲಾಗುವುದಿಲ್ಲ.

## ಮೊದಲು ಪರೀಕ್ಷೆ

1. ಬಳಸಬೇಕೆಂದಿರುವ ತೆಳು ಮಿಶ್ರಣವನ್ನೇ ತೆಗೆದುಕೊಳ್ಳಿ. ತೆಳುವಾಗದ ಎಣ್ಣೆಯಲ್ಲಿ ಪರೀಕ್ಷೆ ಮಾಡಲೇಬಾರದು, ಆ ಪರೀಕ್ಷೆಯೇ ಅಲರ್ಜಿಗೆ ದಾರಿಯಾದೀತು.
2. ಮೊಣಕೈಯ ಒಳಮಡಿಕೆಯಲ್ಲಿ ಒಂದೆರಡು ಹನಿ ಹಚ್ಚಿ, ಬ್ಯಾಂಡೇಜ್ ಮುಚ್ಚಿ.
3. 48 ಗಂಟೆ ಆ ಜಾಗ ಒದ್ದೆಯಾಗದಂತೆ ನೋಡಿಕೊಳ್ಳಿ. ನಡುವೆ ತುರಿಕೆ, ಉರಿ ಬಂದರೆ ಆಗಲೇ ಬಿಚ್ಚಿ ಸೋಪಿನಿಂದ ತೊಳೆಯಿರಿ.
4. ಕೆಂಪಾಗದೆ, ಗುಳ್ಳೆ ಏಳದೆ ಇದ್ದರೆ ಸಣ್ಣ ಜಾಗದಲ್ಲಿ ಬಳಸಲು ಶುರು ಮಾಡಬಹುದು.

ಪರೀಕ್ಷೆಯಲ್ಲಿ ಪಾಸಾಯಿತು ಅಂದರೆ ಜೀವಮಾನದ ಭರವಸೆ ಸಿಕ್ಕಿತು ಅಂತ ಅಲ್ಲ. ಸಿಟ್ರಾಲ್ ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ. ತಿಂಗಳುಗಟ್ಟಲೆ ದಿನವೂ ಹಚ್ಚಿ, ಏನೂ ಆಗದೆ, ಒಂದು ದಿನ ದಿಢೀರನೆ ಕೈಯೆಲ್ಲ ಕೆಂಪಾಗಬಹುದು. ಒಮ್ಮೆ ಹಾಗಾದರೆ ದೇಹ ಅದನ್ನು ಸುಲಭಕ್ಕೆ ಮರೆಯುವುದಿಲ್ಲ. ಸಿಟ್ರಾಲ್ ಜಾಸ್ತಿ ಇರುವ ಲೆಮನ್ ಮಿರ್ಟಲ್, ಲಿಟ್ಸಿಯಾ, ಮೆಲಿಸ್ಸಾ ಎಣ್ಣೆಗಳಿಂದಲೂ, ನಿಂಬೆ ಪರಿಮಳದ ಕ್ರೀಮು, ಶಾಂಪೂಗಳಿಂದಲೂ ಆಮೇಲೆ ದೂರ ಇರಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಹಚ್ಚಿ ಬಿಡುವ ಸೌಂದರ್ಯವರ್ಧಕದಲ್ಲಿ ಸಿಟ್ರಾಲ್ ಶೇ. 0.001 ದಾಟಿದರೆ, ತೊಳೆದುಬಿಡುವಂಥದ್ದರಲ್ಲಿ ಶೇ. 0.01 ದಾಟಿದರೆ ಲೇಬಲ್ ಮೇಲೆ ಅದರ ಹೆಸರು ಹಾಕಲೇಬೇಕು ಎಂಬ ಕಾನೂನು ಇರುವುದು ಇಂಥವರಿಗಾಗಿಯೇ.

ಅದಕ್ಕೇ ದಿನವೂ ಹಚ್ಚಬೇಡಿ. ಕೆಲವು ದಿನ ಬಳಸಿ, ಕೆಲವು ದಿನ ಬಿಡಿ. ಮುಖ, ಕಂಕುಳು, ಗುಪ್ತಾಂಗ, ಗಾಯ, ಈಗಷ್ಟೇ ಶೇವ್ ಮಾಡಿದ ಜಾಗ, ಇಸುಬು ಇರುವ ಚರ್ಮ ಇವುಗಳಿಗೆ ಎಷ್ಟು ತೆಳು ಮಾಡಿದರೂ ಬೇಡ.

ಒಂದು ವಿಷಯದಲ್ಲಿ ಮಾತ್ರ ನೆಮ್ಮದಿಯಿಂದ ಇರಬಹುದು. ಹಿಂಡಿ ತೆಗೆದ ನಿಂಬೆ ಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುವ ಅಪಾಯ ಇದೆ. ಲೆಮನ್‌ಗ್ರಾಸ್ ಎಣ್ಣೆಗೆ ಆ ದೋಷ ಇಲ್ಲ.

## ಬಳಕೆಗಳು

ಕೋಣೆಯ ಘಮಕ್ಕೆ. ಈ ಎಣ್ಣೆಯ ಅತ್ಯುತ್ತಮ ಬಳಕೆ ಇದೇ ಎಂದು ನನ್ನ ಅಭಿಪ್ರಾಯ. ಡಿಫ್ಯೂಸರ್‌ನಲ್ಲಿ (ಘಮವನ್ನು ಗಾಳಿಗೆ ಹರಡುವ ಸಾಧನ) 100 ಮಿಲಿ ನೀರಿಗೆ 2ರಿಂದ 3 ಹನಿ ಸಾಕು. ಅರ್ಧ ಗಂಟೆ ಹಾಕಿ ಆರಿಸಿ. ಅಷ್ಟರಲ್ಲಿ ಮೂಗು ವಾಸನೆಗೆ ಒಗ್ಗಿಕೊಂಡು ಘಮ ಕಡಿಮೆಯಾಯಿತು ಅನ್ನಿಸುತ್ತದೆ. ಕೋಣೆಯ ಗಾಳಿಯಲ್ಲಿ ಅದು ಹಾಗೇ ಇರುತ್ತದೆ. ಇನ್ನೆರಡು ಹನಿ ಸುರಿದರೆ ತಲೆನೋವು ಬರುತ್ತದೆ ಅಷ್ಟೇ. ಕಿಟಕಿ ಸ್ವಲ್ಪ ತೆರೆದಿರಲಿ.

ನೆಲ ಒರೆಸಲು. ಬಕೆಟ್ ನೀರಿಗೆ ನೇರವಾಗಿ ಹನಿ ಹಾಕಬೇಡಿ. ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ 5-6 ಹನಿ ಬೆರೆಸಿ, ಚೆನ್ನಾಗಿ ಕಲಸಿ, ಆಮೇಲೆ ಬಕೆಟ್‌ಗೆ ಸುರಿಯಿರಿ. ಹೀಗೆ ಮಾಡಿದರೆ ಎಣ್ಣೆ ನೀರಿನಲ್ಲಿ ಒಂದೇ ಸಮ ಹರಡುತ್ತದೆ. ಪಾಲಿಷ್ ಮಾಡಿದ ಮರದ ಮೇಲೆ ಮೊದಲು ಮೂಲೆಯಲ್ಲಿ ಒರೆಸಿ ನೋಡಿ. ತೆಳುವಾಗದ ಹನಿ ವಾರ್ನಿಷ್ ಕಿತ್ತುಬಿಡುತ್ತದೆ.

ಪ್ರಯೋಗಾಲಯದ ತಟ್ಟೆಯಲ್ಲಿ ಈ ಎಣ್ಣೆ ಹಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಬೆಳವಣಿಗೆ ತಡೆಯುತ್ತದೆ ಎಂಬುದು ನಿಜ. ಹಾಗಂತ ಐದಾರು ಹನಿಯ ಬಕೆಟ್ ನೀರು ಸೋಂಕುನಿವಾರಕ ಆಗುವುದಿಲ್ಲ. ಕಾಯಿಲೆಯವರು ಇರುವ ಕೋಣೆಗೆ ಸರಿಯಾದ ಸೋಂಕುನಿವಾರಕವನ್ನೇ ಬಳಸಿ, ಘಮಕ್ಕೆ ಬೇಕಾದರೆ ಇದನ್ನು ಬೇರೆಯಾಗಿ ಬಳಸಿ. ಎರಡನ್ನೂ ಒಂದೇ ಬಕೆಟ್‌ನಲ್ಲಿ ಸೇರಿಸಬೇಡಿ, ಮುಖ್ಯವಾಗಿ ಬ್ಲೀಚ್ ಜೊತೆ.

ಕಾಲು ತಿಕ್ಕಲು. ದಣಿದ ಕಾಲಿಗೆ ಇದರ ಎಣ್ಣೆ ಹಿತ ಕೊಡುತ್ತದೆ. 50 ಮಿಲಿ ಎಳ್ಳೆಣ್ಣೆಯನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ. ಬಿಸಿ ಮಾಡಿದ್ದರೆ ಪೂರ್ತಿ ಆರಲಿ, ಇಲ್ಲವಾದರೆ ಘಮ ಹಾರಿಹೋಗುತ್ತದೆ. 5 ಹನಿ ಲೆಮನ್‌ಗ್ರಾಸ್ ಬಿಟ್ಟು, ಮುಚ್ಚಳ ಹಾಕಿ, ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ. ಮೇಲೆ ದಿನಾಂಕ ಬರೆಯಿರಿ. ಅಂಗಾಲು, ಮೀನಖಂಡಗಳಿಗೆ ಹಚ್ಚಿ ತಿಕ್ಕಿ, ಆಮೇಲೆ ಕೈ ಸೋಪಿನಿಂದ ತೊಳೆಯಿರಿ. ತೊಳೆಯದ ಬೆರಳು ಕಣ್ಣಿಗೆ ತಗುಲಿದರೆ ಗೊತ್ತಾಗುತ್ತದೆ ಸಿಟ್ರಾಲ್ ಎಂಥದ್ದು ಎಂದು. ಅಂಗಾಲಿನ ಜಿಡ್ಡಿನಿಂದ ನೆಲದ ಮೇಲೆ ಜಾರದಂತೆ ಒಂದು ಜೊತೆ ಹಳೆಯ ಕಾಲುಚೀಲ ಹತ್ತಿರ ಇರಲಿ. ಮಿಶ್ರಣವನ್ನು ಎರಡು ಮೂರು ತಿಂಗಳಲ್ಲಿ ಮುಗಿಸಿ.

ಸ್ಪ್ರೇ. ನೀರಿಗೆ ಎಣ್ಣೆ ಹಾಕಿ ಅಲ್ಲಾಡಿಸಿ ಹೊಡೆಯಿರಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಅಲ್ಲಾಡಿಸಿದ ಎಣ್ಣೆ ಕೂಡಲೇ ಮೇಲೆ ಬರುತ್ತದೆ. ಕೊನೆಯ ಸಲ ಹೊಡೆದಾಗ ಬರುವುದು ಬಹುತೇಕ ತೆಳುವಾಗದ ಎಣ್ಣೆ. 50 ಮಿಲಿ ಗಾಢ ಎಥನಾಲ್‌ನಲ್ಲಿ 10 ಹನಿ ಕರಗಿಸಿದರೆ ಒಂದೇ ಸಮ ಇರುತ್ತದೆ. ಇದು ಕೋಣೆಗೆ, ಪರದೆಗೆ. ಮೈಗೆ ಅಲ್ಲ. ಒಲೆ, ದೀಪದ ಹತ್ತಿರ ಸುತರಾಂ ಬೇಡ.

ಸೋಪಿಗೆ. ನಿಂಬೆ ಸಿಪ್ಪೆಯ ಎಣ್ಣೆಯ ಘಮ ಸೋಪಿನಲ್ಲಿ ಬೇಗ ಮಾಯವಾಗುತ್ತದೆ, ಲೆಮನ್‌ಗ್ರಾಸ್‌ನದು ತಿಂಗಳುಗಟ್ಟಲೆ ನಿಲ್ಲುತ್ತದೆ. ಸೋಪಿಗೆ ತಿಳಿ ಹಳದಿ ಬಣ್ಣವನ್ನೂ ಕೊಡುತ್ತದೆ. ಮಾರಾಟಕ್ಕೆ ಮಾಡುವವರು ಎಣ್ಣೆ ಕೊಟ್ಟವರಿಂದ ಇಫ್ರಾ (ಅಂತರರಾಷ್ಟ್ರೀಯ ಸುಗಂಧ ಉದ್ಯಮ ಸಂಘ) ಪ್ರಮಾಣಪತ್ರ ಕೇಳಿ ಪಡೆದು, ಅದರಲ್ಲಿ ಸೋಪಿಗೆ ಹೇಳಿರುವ ಮಿತಿಯನ್ನೇ ಪಾಲಿಸಬೇಕು.

ಸೊಳ್ಳೆಗೆ. ಓಡಿಸುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಸಿಟ್ರಾಲ್ ಬೇಗ ಆವಿಯಾಗುವುದರಿಂದ ರಕ್ಷಣೆಯೂ ಅದರ ಜೊತೆಗೇ ಹೋಗುತ್ತದೆ. ಡೆಂಗ್ಯೂ, ಮಲೇರಿಯಾ ಇರುವ ಕಡೆ ಇದನ್ನೇ ನಂಬಿ ಮಕ್ಕಳನ್ನು ಹೊರಗೆ ಬಿಡಬೇಡಿ. ಅಲ್ಲಿ ಡೀಟ್, ಪಿಕಾರಿಡಿನ್ ಅಥವಾ ಪಿಎಂಡಿ ಇರುವ ಉತ್ಪನ್ನವೇ ಬೇಕು, ಜೊತೆಗೆ ಸೊಳ್ಳೆಪರದೆ.

ಜೇನು ಹಿಡಿಯಲು. ಇದು ಬಹಳ ಜನಕ್ಕೆ ಗೊತ್ತಿಲ್ಲದ ಸೊಗಸಾದ ಬಳಕೆ. ಕೆಲಸಗಾರ ಜೇನ್ನೊಣಗಳ ಹೊಟ್ಟೆಯ ತುದಿಯಲ್ಲಿ ನಾಸೊನೊವ್ ಎಂಬ ಗ್ರಂಥಿ ಇದೆ. ಗೂಡಿನ ಬಾಗಿಲಲ್ಲಿ ನಿಂತು, ಹಿಂಭಾಗ ಮೇಲೆತ್ತಿ, ರೆಕ್ಕೆ ಬೀಸಿ ಅದರ ವಾಸನೆ ಹರಡುತ್ತವೆ. ದಾರಿ ತಪ್ಪಿದ ನೊಣಗಳಿಗೆ ಇಲ್ಲಿ ಬನ್ನಿ ಎಂಬ ಕರೆ ಅದು. ಆ ವಾಸನೆಯಲ್ಲಿ ಸಿಟ್ರಾಲ್ ಮತ್ತು ಜೆರಾನಿಯೋಲ್ ಎರಡೂ ಇವೆ. ಅದಕ್ಕೇ ಜೇನು ಸಾಕುವವರು ಖಾಲಿ ಪೆಟ್ಟಿಗೆಯ ಬಾಗಿಲಿಗೆ, ಒಳಗಿನ ಗೋಡೆಗೆ ಈ ಎಣ್ಣೆಯ ಒಂದೆರಡು ಹನಿ ಸವರಿ, ಗೂಡು ಬಿಟ್ಟು ಹೊರಟ ಹಿಂಡನ್ನು ಸೆಳೆಯುತ್ತಾರೆ. ಹೆಚ್ಚು ಸುರಿದರೆ ನೊಣಗಳು ದೂರವೇ ಉಳಿಯಬಹುದು. ಇದೇ ಕಾರಣಕ್ಕೆ, ಈ ಎಣ್ಣೆ ಹಚ್ಚಿಕೊಂಡು ಜೇನುಗೂಡಿನ ಹತ್ತಿರ ಹೋಗುವುದು ಜಾಣತನ ಅಲ್ಲ.

ಕುಡಿಯಲು ಬೇಡ. ಆಹಾರ ಉದ್ಯಮ ಇದನ್ನು ಅತ್ಯಲ್ಪ ಪ್ರಮಾಣದಲ್ಲಿ, ಅಳೆದು, ಸುವಾಸನೆಗೆ ಬಳಸುತ್ತದೆ. ಮನೆಯಲ್ಲಿ ಲೋಟಕ್ಕೆ ಹನಿ ಹಾಕಿಕೊಳ್ಳುವುದು ಬೇರೆಯೇ ಮಾತು. ಬಾಯಿ, ಗಂಟಲಿನ ಒಳಪದರ ಸುಡುತ್ತದೆ. ರುಚಿ ಬೇಕಿದ್ದರೆ ಹುಲ್ಲು ಇದೆಯಲ್ಲ.

## ಯಾರು ದೂರ ಇರಬೇಕು

ಎರಡು ವರ್ಷದೊಳಗಿನ ಮಕ್ಕಳ ಚರ್ಮಕ್ಕೆ ಸೋಕಿಸಲೇಬೇಡಿ. ಅದಕ್ಕಿಂತ ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳದೆ ಹಚ್ಚುವುದು ಬೇಡ. ಗರ್ಭಿಣಿಯರು ಎಚ್ಚರ ವಹಿಸಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಿಟ್ರಾಲ್‌ನ ದೊಡ್ಡ ಪ್ರಮಾಣ ಭ್ರೂಣಕ್ಕೆ ಹಾನಿ ಮಾಡಿದ್ದು ಕಂಡಿದೆ. ಒಂದಿಷ್ಟು ಘಮ ಮೂಗಿಗೆ ಬಡಿದದ್ದಕ್ಕೆ ಹೆದರಬೇಕಿಲ್ಲ, ಆದರೆ ಮಾಲೀಶು ಮತ್ತು ಸೇವನೆ ಬೇಡ. ಅಸ್ತಮಾ ಇರುವವರ ಮನೆಯಲ್ಲಿ ಡಿಫ್ಯೂಸರ್ ಹಾಕುವ ಮುಂಚೆ ಅವರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಅಥವಾ ಬೇರೆ ಯಾವುದಕ್ಕಾದರೂ ದಿನವೂ ಮಾತ್ರೆ ನುಂಗುವವರು ಇದನ್ನು ಹೊಟ್ಟೆಗೆ ತೆಗೆದುಕೊಂಡರೆ ಔಷಧದ ಕೆಲಸದಲ್ಲಿ ಏರುಪೇರು ಆಗುವ ಸಂಭವ ಇದೆ.

ಬೆಕ್ಕು ಸಾಕಿರುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಂಥ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ತುಪ್ಪಳದ ಮೇಲೆ ಬಿದ್ದ ತುಂತುರನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಚಿಗಟ ಹೋಗಲಿ ಎಂದು ಬೆಕ್ಕಿನ ಮೈಗೆ ಈ ಎಣ್ಣೆ ಸವರುವುದು ಅದಕ್ಕೆ ವಿಷ ಹಾಕಿದ ಹಾಗೆ. ಡಿಫ್ಯೂಸರ್ ಹಾಕಿದರೆ ಬೆಕ್ಕು ಎದ್ದು ಬೇರೆ ಕೋಣೆಗೆ ಹೋಗಲು ಬಾಗಿಲು ತೆರೆದಿರಬೇಕು. ಜೊಲ್ಲು ಸುರಿಸುವುದು, ತೂರಾಡುವುದು, ವಾಂತಿ ಕಂಡರೆ ಕಾಯದೆ ಪಶುವೈದ್ಯರ ಬಳಿ ಓಡಿ. ಪಂಜರದ ಹಕ್ಕಿಗಳ ಶ್ವಾಸಕೋಶವೂ ಬಹಳ ಸೂಕ್ಷ್ಮ. ಅವು ಇರುವ ಕೋಣೆಯಲ್ಲಿ ಡಿಫ್ಯೂಸರ್ ಬೇಡವೇ ಬೇಡ.

## ಜೋಪಾನ ಮಾಡುವುದು

ಗಾಳಿ, ಬೆಳಕು, ಬಿಸಿ ಮೂರೂ ಸಿಟ್ರಾಲ್‌ಗೆ ಆಗದು. ಕಂದು ಅಥವಾ ಕಡುನೀಲಿ ಗಾಜಿನ ಬಾಟಲಿ, ಬಿಗಿಯಾದ ಮುಚ್ಚಳ, ಕತ್ತಲೆಯ ತಂಪು ಜಾಗ ಬೇಕು. ಫ್ರಿಜ್ ಆದರೆ ಇನ್ನೂ ಒಳ್ಳೆಯದು, ಆದರೆ ಮಕ್ಕಳ ಕೈಗೆ ಸಿಗದ ಮೂಲೆಯಲ್ಲಿ. ಪ್ಲಾಸ್ಟಿಕ್ ಬಾಟಲಿಗೆ ಸುರಿಯಬೇಡಿ, ತೆಳುವಾಗದ ಎಣ್ಣೆ ಹಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ರಬ್ಬರ್ ಬುಡ್ಡೆಯ ಡ್ರಾಪರ್ ಹಾಕಿಯೂ ಇಡಬೇಡಿ. ಕೆಲವೇ ತಿಂಗಳಲ್ಲಿ ಆವಿ ತಾಗಿ ರಬ್ಬರ್ ಊದಿಕೊಂಡು, ಅಂಟಂಟಾಗಿ, ಅದರ ಚೂರು ಎಣ್ಣೆಗೇ ಬೀಳುತ್ತದೆ. ಹನಿ ಬೀಳಿಸುವ ಮೂತಿ ಕೂರಿಸಿದ ಬಾಟಲಿಯೇ ಸರಿ.

ಬಾಟಲಿ ಅರ್ಧ ಖಾಲಿಯಾದರೆ ಒಳಗೆ ಅಷ್ಟೇ ಗಾಳಿ ತುಂಬಿರುತ್ತದೆ. ಉಳಿದದ್ದನ್ನು ಇನ್ನೂ ಚಿಕ್ಕ ಬಾಟಲಿಗೆ ವರ್ಗಾಯಿಸಿ. ತೆರೆದ ದಿನಾಂಕ ಲೇಬಲ್ ಮೇಲೆ ಬರೆದಿಡಿ. ತೆರೆದ ಮೇಲೆ ಒಂದು ವರ್ಷ, ಫ್ರಿಜ್‌ನಲ್ಲಿದ್ದರೆ ಎರಡು ವರ್ಷ ಎಂದು ಇಟ್ಟುಕೊಳ್ಳಿ. ಹಳೆಯದಾದ ಎಣ್ಣೆಯ ಬಣ್ಣ ಗಾಢವಾಗುತ್ತದೆ, ಹರಿವು ಮಂದವಾಗುತ್ತದೆ. ನಿಂಬೆಯ ಚುರುಕು ಹೋಗಿ ಹಳಸಲು ವಾಸನೆ ಬರುತ್ತದೆ. ಅದು ಚರ್ಮಕ್ಕೆ ಹೊಸ ಎಣ್ಣೆಗಿಂತ ಜಾಸ್ತಿ ಕೆರಳಿಕೆ ತರುವುದರಿಂದ ಮತ್ತೆ ಮೈಗೆ ಹಚ್ಚುವ ಮಾತೇ ಇಲ್ಲ.

## ಎಡವಟ್ಟಾದರೆ

ಚರ್ಮದ ಮೇಲೆ ತೆಳುವಾಗದ ಎಣ್ಣೆ ಚೆಲ್ಲಿದರೆ ಮೊದಲು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಬರೀ ನೀರು ಸುರಿದರೆ ಎಣ್ಣೆ ಹೋಗುವುದಿಲ್ಲ. ಬಟ್ಟೆಗೆ ಬಿದ್ದಿದ್ದರೆ ಬಟ್ಟೆ ಬದಲಿಸಿ.

ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಲೆನ್ಸ್ ಇದ್ದರೆ ತೆಗೆದು, ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರಿನಲ್ಲಿ 15-20 ನಿಮಿಷ ತೊಳೆಯುತ್ತಲೇ ಇರಿ. ಅಷ್ಟು ತೊಳೆದ ಮೇಲೆ ಉರಿ ಕಡಿಮೆಯಾದರೂ ಕಣ್ಣಿನ ವೈದ್ಯರಿಗೆ ತೋರಿಸಿ.

ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದು ನುಂಗಿದ್ದಕ್ಕಿಂತ ದೊಡ್ಡ ಅಪಾಯ. ಬಾಯಿ ಒರೆಸಿ, ಬಾಟಲಿಯನ್ನು ಜೊತೆಗೆ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ. ಎಷ್ಟು ಖಾಲಿಯಾಗಿದೆ ಎಂದು ವೈದ್ಯರಿಗೆ ತೋರಿಸಲು ಆ ಬಾಟಲಿ ಬೇಕಾಗುತ್ತದೆ. ಕೆಮ್ಮು, ಉಸಿರು ಎಳೆಯುವ ಕಷ್ಟ, ವಿಪರೀತ ಮಂಪರು ಕಂಡರೆ ತುರ್ತು ವಾಹನಕ್ಕೆ ಕರೆ ಮಾಡಿ.

ಕೆಟ್ಟ ಎಣ್ಣೆಯನ್ನು ಸಿಂಕಿಗೆ, ಚರಂಡಿಗೆ ಸುರಿಯಬೇಡಿ, ನೀರಿನ ಜೀವಿಗಳಿಗೆ ಅದು ಒಳ್ಳೆಯದಲ್ಲ. ಅಪಾಯಕಾರಿ ಕಸ ಬೇರೆಯಾಗಿ ತೆಗೆದುಕೊಳ್ಳುವ ವ್ಯವಸ್ಥೆ ಇದ್ದರೆ ಬಾಟಲಿ ಸಮೇತ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಉಳಿದ ಹನಿಗಳನ್ನು ಮರದ ಹೊಟ್ಟು ಅಥವಾ ಮರಳಿಗೆ ಹೀರಿಸಿ, ಮುಚ್ಚಳವಿರುವ ಡಬ್ಬಿಗೆ ಹಾಕಿ, ಬೆಂಕಿಯಿಂದ ದೂರ ಇಟ್ಟು ಒಣಕಸದ ಜೊತೆ ಕೊಡಿ.